ಕೀಲಿಯ ಅಪ್ಪಣೆ

ಶಾಲೆಯ ಗಂಟೆ ತಾನಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದು ಪಾಠ ಹೇಳುವುದಿಲ್ಲ, ಊಟ ಬಡಿಸುವುದಿಲ್ಲ, ಆಟದ ಬಯಲಿಗೆ ಯಾರನ್ನೂ ಕೈಹಿಡಿದು ಕರೆದೊಯ್ಯುವುದಿಲ್ಲ. ಹಾಗಿದ್ದರೂ ಅದರ ಒಂದು ಹೊಡೆತಕ್ಕೆ ಒಂದು ಅವಧಿ ಮುಗಿದು ಇನ್ನೊಂದು ಮೊದಲಾಗುತ್ತದೆ. ಬಿಡದೆ ಬಾರಿಸಿದರೆ ನೂರಾರು ಮಕ್ಕಳು ಪುಸ್ತಕಗಳನ್ನು ಚೀಲಕ್ಕೆ ಸೇರಿಸಿ ಮನೆಯ ದಾರಿ ಹಿಡಿಯುತ್ತಾರೆ. ಗಂಟೆಯ ಈ ಶಕ್ತಿ ಅದರ ಲೋಹದಲ್ಲಿಲ್ಲ. ಇಂತಹ ನಾದ ಕೇಳಿದಾಗ ಇಂತಹ ಕೆಲಸ ನಡೆಯತಕ್ಕದ್ದು ಎಂದು ಮೊದಲೇ ಮಾಡಿಕೊಂಡ ಒಪ್ಪಂದದಲ್ಲಿದೆ. ಆ ಒಪ್ಪಂದವನ್ನು ಅರಿಯದವನೊಬ್ಬನು ಹೊತ್ತಲ್ಲದ ಹೊತ್ತಿನಲ್ಲಿ ಅದನ್ನು ಬಾರಿಸಿದರೆ ಇಡೀ ಶಾಲೆಯೇ ಗೊಂದಲಕ್ಕೆ ಬೀಳುತ್ತದೆ.

ಗಣಕಯಂತ್ರದ ಕೀಲಿಮಣೆಯ ಮೇಲಿರುವ ಒಂದೊಂದು ಕೀಲಿಯೂ ಇಂತಹ ಗಂಟೆಯೇ ಆಗಿದೆ. ‘ಕ’ ಎಂಬ ಅಕ್ಷರ ಕೀಲಿಯೊಳಗೆ ಅಡಗಿ ಕುಳಿತಿಲ್ಲ. ಬೆರಳು ತಾಗಿದೊಡನೆ ಅಲ್ಲಿಂದ ಹೊರಡುವುದು ಒಂದು ಸಂಕೇತ ಮಾತ್ರ. ಅದಕ್ಕೆ ಅರ್ಥವನ್ನು ಕೊಡುವುದು ಒಳಗೆ ನಡೆಯುತ್ತಿರುವ ಕ್ರಮವಿಧಿ. ಅರ್ಥವು ಒಪ್ಪಂದದಿಂದ ಬಂದುದಾದ್ದರಿಂದ ಒಪ್ಪಂದವನ್ನು ಬದಲಿಸಿ ಬೇರೆ ಅರ್ಥವನ್ನು ಕೊಡಲೂ ಸಾಧ್ಯ. ಒಂದು ಅಕ್ಷರಕ್ಕೆ ಬದಲಾಗಿ ಒಂದು ದೊಡ್ಡ ಕೆಲಸವನ್ನೇ ಒಂದು ಕೀಲಿಗೆ ಕಟ್ಟಿಡಬಹುದು. ಬರೆಯುವ ಪರದೆಯನ್ನು ಬಿಟ್ಟು ಏಳದೆ, ಹೊರಗಿನ ಬೇರೊಂದು ಕ್ರಮವಿಧಿಯನ್ನು ಕರೆದು, ಕೆಲಸ ಮಾಡಿಸಿಕೊಂಡು, ಫಲವನ್ನು ಕೈಗೆ ತೆಗೆದುಕೊಳ್ಳುವ ಈ ಏರ್ಪಾಟಿಗೆ ಕೀಲಿಜೋಡಣೆ ಎಂದು ಹೆಸರು. ನೋಡಲು ಸಣ್ಣ ಅನುಕೂಲವೆಂದು ತೋರುವ ಇದರ ಹಿಂದೆ ಐವತ್ತು ವರ್ಷಗಳಿಗೂ ಮಿಕ್ಕ ಚಿಂತನೆಯಿದೆ. ಮುಂದೆ ಒಂದು ಹೊಣೆಯೂ ಇದೆ.

ಗಣಕಯಂತ್ರದಲ್ಲಿ ಬರೆಹವನ್ನು ಟಂಕಿಸಲು, ತಿದ್ದಲು, ಕಡತವಾಗಿ ಕಾಪಿಡಲು ನೆರವಾಗುವ ಕ್ರಮವಿಧಿಗೆ ಸಂಪಾದಕ ಅಥವಾ ಎಡಿಟರ್ ಎನ್ನುತ್ತಾರೆ. ಬರೆಯುವವನಿಗೆ ಇದಷ್ಟೇ ಸಾಲದು. ಬರೆದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬೇಕು, ಪದಗಳನ್ನು ಎಣಿಸಬೇಕು, ಕಾಗುಣಿತದ ತಪ್ಪುಗಳನ್ನು ಹುಡುಕಬೇಕು, ಬರೆದದ್ದು ಗಣಕದ ಭಾಷೆಯ ಕ್ರಮವಿಧಿಯಾಗಿದ್ದರೆ ಅದನ್ನು ಓಡಿಸಿ ನೋಡಬೇಕು. ಇವೆಲ್ಲವನ್ನೂ ಸಂಪಾದಕವೇ ಮಾಡಬೇಕೆಂದು ಹೊರಟರೆ ಅದು ಬೆಳೆದು ಬೆಳೆದು ತನ್ನ ಭಾರಕ್ಕೆ ತಾನೇ ಕುಸಿದೀತು. ನೇಗಿಲನ್ನು ಮಾಡುವ ಬಡಗಿ ಅದರ ಕಬ್ಬಿಣದ ಕುಳವನ್ನು ತಾನೇ ಬಡಿಯಲು ಹೋಗುವುದಿಲ್ಲ; ಕಮ್ಮಾರನ ಕುಲುಮೆಗೆ ಕಳುಹಿಸುತ್ತಾನೆ. ಅವರವರ ಕೆಲಸವನ್ನು ಅವರವರು ಮಾಡಿದಾಗ ನೇಗಿಲು ಚೆನ್ನಾಗಿ ಉಳುತ್ತದೆ. ಸಂಪಾದಕಗಳ ಇತಿಹಾಸದಲ್ಲಿಯೂ ಈ ವಿವೇಕವು ಬೇಗನೆ ಮೂಡಿತು.

1969ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮರ್ರೆಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದಕ್ಕಾಗಿ ಥಾಂಪ್ಸನ್ ಅವರು ‘ಎಡ್’ ಎಂಬ ಪುಟ್ಟ ಸಂಪಾದಕವನ್ನು ರಚಿಸಿದರು. ಆಗ ಬಳಕೆಯಲ್ಲಿದ್ದುದು ಟೆಲಿಟೈಪ್ ಯಂತ್ರ. ಅದಕ್ಕೆ ಪರದೆ ಇರಲಿಲ್ಲ. ಸೆಕೆಂಡಿಗೆ ಹತ್ತು ಅಕ್ಷರಗಳಂತೆ ಕಾಗದದ ಮೇಲೆ ಸದ್ದುಮಾಡುತ್ತ ಅಚ್ಚೊತ್ತುತ್ತಿತ್ತು. ಆದುದರಿಂದ ಎಡ್ ಮಿತಭಾಷಿಯಾಯಿತು. ತಪ್ಪು ಆದೇಶ ಕೊಟ್ಟರೆ ಅದು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಅಚ್ಚಿಸಿ ಸುಮ್ಮನಾಗುತ್ತಿತ್ತು. ಇಷ್ಟು ಮಿತಭಾಷಿಯಾದ ಸಂಪಾದಕದಲ್ಲಿಯೂ ಒಂದು ಹೊರಬಾಗಿಲು ಇತ್ತು. ಸಾಲಿನ ಮೊದಲಲ್ಲಿ ‘!’ ಎಂಬ ಆಶ್ಚರ್ಯಸೂಚಕ ಚಿಹ್ನೆಯನ್ನು ಇಟ್ಟು ಏನನ್ನಾದರೂ ಬರೆದರೆ, ಎಡ್ ಅದನ್ನು ತನ್ನ ಆದೇಶವೆಂದು ಬಗೆಯದೆ ಹೊರಗಿನ ವ್ಯವಸ್ಥೆಗೆ ದಾಟಿಸುತ್ತಿತ್ತು. ಹೊರಗಿನ ಕೆಲಸ ಮುಗಿದ ಮೇಲೆ ಬರೆಯುವವನು ತಾನು ಬಿಟ್ಟಿದ್ದ ಸಾಲಿಗೇ ಮರಳುತ್ತಿದ್ದನು. ಆ ಒಂದು ಚಿಹ್ನೆ ಇಂದಿಗೂ ಹಲವು ಸಂಪಾದಕಗಳಲ್ಲಿ ಅದೇ ಕೆಲಸವನ್ನು ಮಾಡುತ್ತಿದೆ.

ಇದೇ ಪ್ರಯೋಗಾಲಯದ ಡಗ್ಲಸ್ ಮ್ಯಾಕ್‌ಇಲ್‌ರಾಯ್ ಎಂಬ ವಿದ್ವಾಂಸರು 1964ರಷ್ಟು ಹಿಂದೆಯೇ ಒಂದು ಟಿಪ್ಪಣಿಯಲ್ಲಿ ಸೊಗಸಾದ ಕಲ್ಪನೆಯೊಂದನ್ನು ಮುಂದಿಟ್ಟಿದ್ದರು. ತೋಟಕ್ಕೆ ನೀರುಣಿಸುವ ಕೊಳವೆಗಳನ್ನು ಒಂದಕ್ಕೊಂದು ತಿರುಪಿ ಜೋಡಿಸುವಂತೆ ಕ್ರಮವಿಧಿಗಳನ್ನೂ ಜೋಡಿಸುವಂತಾಗಬೇಕು ಎಂಬುದೇ ಆ ಕಲ್ಪನೆ. 1973ರಲ್ಲಿ ಥಾಂಪ್ಸನ್ ಅವರು ಯುನಿಕ್ಸ್‌ನಲ್ಲಿ ಅದನ್ನು ಸಾಧಿಸಿ ತೋರಿಸಿದರು. ಒಂದು ಕ್ರಮವಿಧಿಯಿಂದ ಹೊರಬಂದ ಅಕ್ಷರಗಳು ನೇರವಾಗಿ ಇನ್ನೊಂದರ ಬಾಯಿಗೆ ಹರಿಯತೊಡಗಿದವು. ಸಣ್ಣ ಸಣ್ಣ ಕ್ರಮವಿಧಿಗಳಿರಲಿ, ಒಂದೊಂದೂ ಒಂದೇ ಕೆಲಸವನ್ನು ಚೆನ್ನಾಗಿ ಮಾಡಲಿ, ಬೇಕಾದಾಗ ಅವನ್ನು ಕೂಡಿಸಿಕೊಳ್ಳಲಾಗಲಿ ಎಂಬ ನಿಲುವು ಇದರಿಂದ ಬಲಗೊಂಡಿತು. ಹೊರಗಿನವರನ್ನು ಕರೆಯಬಲ್ಲ ಸಂಪಾದಕಕ್ಕೆ ಈ ಏರ್ಪಾಟು ಹೇಳಿ ಮಾಡಿಸಿದಂತಿತ್ತು.

ಕಾಗದದ ಬದಲು ಪರದೆಯ ಯಂತ್ರಗಳು ಬಂದ ಬಳಿಕ ಸಂಪಾದಕಗಳ ರೂಪವೂ ಬದಲಾಯಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ಅವರು 1976ರಲ್ಲಿ ತೊಡಗಿ ‘ವಿಐ’ ಎಂಬ ಸಂಪಾದಕವನ್ನು ರೂಪಿಸಿದರು. ಅವರು ಬಳಸುತ್ತಿದ್ದುದು ಎ.ಡಿ.ಎಂ. 3ಎ ಎಂಬ ಯಂತ್ರ. ಅದರಲ್ಲಿ ಬಾಣದ ಗುರುತಿನ ಬೇರೆ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಎಂಬ ಅಕ್ಷರಗಳ ಕೀಲಿಗಳ ಮೇಲೆಯೇ ಬಾಣಗಳನ್ನು ಮುದ್ರಿಸಿದ್ದರು. ಆದುದರಿಂದ ವಿಐ ಸಂಪಾದಕದಲ್ಲಿ ಆ ನಾಲ್ಕು ಅಕ್ಷರಗಳೇ ಎಡ, ಕೆಳಗೆ, ಮೇಲೆ, ಬಲ ಎಂಬ ಚಲನೆಗಳಿಗೆ ಗುರುತುಗಳಾದವು. ಜಾಯ್ ಅವರು ದೂರವಾಣಿ ತಂತಿಯ ಮೂಲಕ ಸೆಕೆಂಡಿಗೆ ಸುಮಾರು 30 ಅಕ್ಷರಗಳಷ್ಟೇ ಹರಿಯುವ ಸಂಪರ್ಕದಲ್ಲಿ ಕೆಲಸ ಮಾಡುತ್ತಿದ್ದರು. 24 ಸಾಲುಗಳ, ಸಾಲಿಗೆ 80 ಅಕ್ಷರಗಳ ಪರದೆಯೊಂದನ್ನು ತುಂಬಲು ಆ ವೇಗದಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಬೇಕು. ಒಂದೊಂದು ಕೀಲಿಯೂ ಹೆಚ್ಚು ಕೆಲಸ ಮಾಡಲೇಬೇಕಾದ ಅಗತ್ಯ ಅಲ್ಲಿ ಹೀಗೆ ಒದಗಿತು. ವಿಐ ಸಂಪಾದಕದಲ್ಲಿ ಬಳಕೆದಾರನು ತನಗೆ ಬೇಕಾದ ಕೀಲಿಗೆ ತನಗೆ ಬೇಕಾದ ಆದೇಶಗಳ ಸರಣಿಯನ್ನು ಕಟ್ಟಬಹುದಾಗಿತ್ತು. ಇದಕ್ಕೆ ‘ಮ್ಯಾಪ್’ ಎಂಬ ಆದೇಶವನ್ನು ಕೊಡುತ್ತಿದ್ದರು.

ಅದೇ 1976ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್, ಗೈ ಸ್ಟೀಲ್ ಮೊದಲಾದವರು ‘ಈಮ್ಯಾಕ್ಸ್’ ಎಂಬ ಸಂಪಾದಕವನ್ನು ಸಿದ್ಧಪಡಿಸಿದರು. ಅಲ್ಲಿ ಯಾವ ಕೀಲಿಗೆ ಬೇಕಾದರೂ ಒಂದು ಚಿಕ್ಕ ಕ್ರಮವಿಧಿಯನ್ನು ಜೋಡಿಸಬಹುದಾಗಿತ್ತು. ಮುಂದೆ 1991ರಲ್ಲಿ ನೆದರ್‌ಲೆಂಡ್ಸ್ ದೇಶದ ಬ್ರಾಮ್ ಮೂಲೆನಾರ್ ಅವರು ವಿಐ ಸಂಪಾದಕದ ಮಾದರಿಯಲ್ಲಿ ‘ವಿಮ್’ ಎಂಬುದನ್ನು ಬಿಡುಗಡೆ ಮಾಡಿದರು. ಅದಕ್ಕೆ ಅವರು ಬೆಲೆ ಕಟ್ಟಲಿಲ್ಲ. ಬಳಸಿ ಮೆಚ್ಚಿದವರು ಆಫ್ರಿಕದ ಉಗಾಂಡ ದೇಶದ ಕಿಬಾಲೆ ಎಂಬಲ್ಲಿನ ನಿರ್ಗತಿಕ ಮಕ್ಕಳಿಗೆ ನೆರವಾಗಬೇಕೆಂದು ಕೇಳಿಕೊಂಡರು. 2023ರ ಆಗಸ್ಟ್ 3ರಂದು ಮೂಲೆನಾರ್ ಅವರು ತೀರಿಕೊಂಡರು. ಅವರ ಸಂಪಾದಕವನ್ನು ಇತರರು ಇಂದಿಗೂ ಮುಂದುವರಿಸಿಕೊಂಡು ಬರುತ್ತಿದ್ದಾರೆ.

ಇಂತಹ ಜೋಡಣೆ ಒಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ವಿದ್ಯಾರ್ಥಿನಿಯೊಬ್ಬಳು ವಿಮ್ ಸಂಪಾದಕದಲ್ಲಿ ಪೈಥಾನ್ ಭಾಷೆಯ ಲೆಕ್ಕದ ಕ್ರಮವಿಧಿಯೊಂದನ್ನು ಬರೆಯುತ್ತಿದ್ದಾಳೆ ಎಂದುಕೊಳ್ಳೋಣ. ಒಂದು ಸಾಲನ್ನು ತಿದ್ದಿದಾಗಲೆಲ್ಲ ಅವಳು ಕಡತವನ್ನು ಉಳಿಸಬೇಕು, ಹೊರಗೆ ಹೋಗಬೇಕು, ಪೈಥಾನನ್ನು ಕರೆದು ಕಡತದ ಹೆಸರನ್ನು ಹೇಳಬೇಕು, ಉತ್ತರವನ್ನು ನೋಡಿ ಒಳಗೆ ಬರಬೇಕು. ದಿನಕ್ಕೆ ನಲವತ್ತು ಸಲ ಇದನ್ನು ಮಾಡಿದರೆ ಬೆರಳಿಗೆ ಆಯಾಸ ಮಾತ್ರವಲ್ಲ, ಮನಸ್ಸಿನಲ್ಲಿ ಹಿಡಿದಿಟ್ಟ ಲೆಕ್ಕದ ಎಳೆಯೂ ತಪ್ಪುತ್ತದೆ. ಅವಳು ಕೀಲಿಮಣೆಯ ಮೇಲಿನ ಸಾಲಿನಲ್ಲಿರುವ ಎಫ್ 5 ಎಂಬ ಕೀಲಿಗೆ ಈ ಕೆಲಸವನ್ನು ಕಟ್ಟುತ್ತಾಳೆ. ‘ಮೊದಲು ಕಡತವನ್ನು ಉಳಿಸು, ಆಮೇಲೆ! ಚಿಹ್ನೆಯ ಮೂಲಕ ಹೊರಗಿನ ಪೈಥಾನನ್ನು ಕರೆ. ಅದಕ್ಕೆ % ಎಂಬುದನ್ನು ಕೊಡು’ ಎಂಬುದು ಅವಳ ಸರಣಿ. ವಿಮ್‌ನಲ್ಲಿ % ಎಂದರೆ ಈಗ ತೆರೆದಿರುವ ಕಡತದ ಹೆಸರು. ಹೀಗೆ ಬರೆದಿರುವುದರಿಂದ ಮುಂದೆ ಬೇರೆ ಕಡತವನ್ನು ತೆರೆದರೂ ಅದೇ ಕೀಲಿ ಸಾಕಾಗುತ್ತದೆ.

ಅವಳು ಎಫ್ 5 ಒತ್ತಿದೊಡನೆ ಸಂಪಾದಕವು ತನ್ನ ಒಪ್ಪಂದಗಳ ಪಟ್ಟಿಯನ್ನು ನೋಡುತ್ತದೆ. ಆ ಕೀಲಿಯ ಹೆಸರು ಪಟ್ಟಿಯಲ್ಲಿದ್ದರೆ, ಅದರ ಎದುರಿಗೆ ಬರೆದಿರುವ ಅಕ್ಷರಗಳನ್ನೆಲ್ಲ ಬಳಕೆದಾರಳೇ ಟಂಕಿಸಿದಳೋ ಎಂಬಂತೆ ಒಂದೊಂದಾಗಿ ಸ್ವೀಕರಿಸುತ್ತದೆ. ಕಡತ ಉಳಿಯುತ್ತದೆ. ! ಚಿಹ್ನೆ ಬಂದೊಡನೆ ಮುಂದಿನ ಮಾತನ್ನು ಅದು ‘ಷೆಲ್’ ಎಂಬ ಮಧ್ಯವರ್ತಿಯ ಕೈಗೆ ಕೊಡುತ್ತದೆ. ಷೆಲ್ ಆ ಸಾಲನ್ನು ಪದಪದವಾಗಿ ಬಿಡಿಸಿ, ಮೊದಲ ಪದವನ್ನು ಕರೆಯಬೇಕಾದ ಕ್ರಮವಿಧಿಯ ಹೆಸರೆಂದೂ ಉಳಿದವನ್ನು ಅದಕ್ಕೆ ಕೊಡಬೇಕಾದ ಸಾಮಗ್ರಿಯೆಂದೂ ತಿಳಿಯುತ್ತದೆ. ಕಾರ್ಯಾಚರಣ ವ್ಯವಸ್ಥೆಯು ಪೈಥಾನನ್ನು ಎಬ್ಬಿಸಿ ಓಡಿಸುತ್ತದೆ. ಕೆಲಸ ಮುಗಿದಾಗ ಆ ಕ್ರಮವಿಧಿ ಒಂದು ಅಂಕಿಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಬಂದರೆ ಕೆಲಸ ಸುಸೂತ್ರವಾಗಿ ನಡೆಯಿತೆಂದು ಅರ್ಥ. ಬೇರೆ ಅಂಕಿ ಬಂದರೆ ಏನೋ ಕೆಟ್ಟಿದೆಯೆಂದು ತಿಳಿಯಬೇಕು. ಇಷ್ಟೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಎಲ್ಲೆಲ್ಲಿ ಕೈ ಬದಲಾಯಿತು ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ.

ಹೊರಗಿನ ಕ್ರಮವಿಧಿಯನ್ನು ಕರೆಯುವ ಬಗೆ ಎರಡು. ಈಗ ಹೇಳಿದುದು ಮೊದಲನೆಯ ಬಗೆ; ಅಲ್ಲಿ ಫಲವನ್ನು ನೋಡುವುದಷ್ಟೇ ಉಂಟು. ಎರಡನೆಯ ಬಗೆಗೆ ಸೋಸುವಿಕೆ ಎನ್ನಬಹುದು. ಶಾಲೆಯ ತೋಟದಲ್ಲಿರುವ ಗಿಡಗಳ ಹೆಸರುಗಳನ್ನು ಹತ್ತು ಮಂದಿ ಮಕ್ಕಳು ಬರೆದುಕೊಟ್ಟರೆಂದೂ, ಅವನ್ನೆಲ್ಲ ಒಂದೇ ಕಡತದಲ್ಲಿ ಟಂಕಿಸಲಾಯಿತೆಂದೂ ಇಟ್ಟುಕೊಳ್ಳೋಣ. ದಾಸವಾಳ ನಾಲ್ಕು ಕಡೆ ಬಂದಿದೆ. ಹೊಂಗೆ ಮೂರು ಕಡೆ ಬಂದಿದೆ. ಸಾಲುಗಳನ್ನು ಆಯ್ದುಕೊಂಡು ‘ಸಾರ್ಟ್’ ಎಂಬ ಕ್ರಮವಿಧಿಯ ಮೂಲಕ ಹಾಯಿಸಿದರೆ ಅವೆಲ್ಲ ಅಚ್ಚುಕಟ್ಟಾಗಿ ಸಾಲುಗೂಡಿ ಅದೇ ಜಾಗಕ್ಕೆ ಮರಳುತ್ತವೆ. ಮರುಕಳಿಸಿದ ಹೆಸರುಗಳನ್ನು ತೆಗೆಯೆಂದು ಹೇಳಿದ್ದರೆ ಅವೂ ಹೋಗಿರುತ್ತವೆ. ಸಂಪಾದಕಕ್ಕೆ ವಿಂಗಡಿಸುವ ವಿದ್ಯೆ ತಿಳಿದಿರಬೇಕಾದ ಅಗತ್ಯವಿಲ್ಲ. ಕೊಳವೆಯ ಒಂದು ತುದಿಗೆ ಸಾಲುಗಳನ್ನು ಹೊಯ್ದು ಇನ್ನೊಂದು ತುದಿಯಲ್ಲಿ ಹಿಡಿದುಕೊಂಡರೆ ಅದರ ಕೆಲಸ ಮುಗಿಯಿತು.

ಕೀಲಿಯನ್ನು ಆರಿಸುವುದರಲ್ಲಿಯೂ ಎಚ್ಚರ ಬೇಕು. ಕೀಲಿಗಳು ಬಂಜರು ಭೂಮಿಯಲ್ಲ. ಅವುಗಳಲ್ಲಿ ಹಲವಕ್ಕೆ ಆಗಲೇ ಒಡೆಯರಿದ್ದಾರೆ. ಕಂಟ್ರೋಲ್ ಕೀಲಿಯೊಡನೆ ಎಸ್ ಒತ್ತಿದರೆ ಕಡತ ಉಳಿಯಲಿ ಎಂದು ಒಬ್ಬನು ಜೋಡಿಸುತ್ತಾನೆ. ಆದರೆ ಹಳೆಯ ಟರ್ಮಿನಲ್‌ಗಳ ಒಪ್ಪಂದದ ಪ್ರಕಾರ ಆ ಸಂಕೇತಕ್ಕೆ ‘ಪರದೆಗೆ ಬರುವುದನ್ನು ನಿಲ್ಲಿಸು’ ಎಂಬ ಅರ್ಥವಿದೆ. ಟರ್ಮಿನಲ್ ಅದನ್ನು ತಾನೇ ಹಿಡಿದುಕೊಳ್ಳುತ್ತದೆ. ಸಂಪಾದಕಕ್ಕೆ ಅದು ತಲುಪುವುದೇ ಇಲ್ಲ. ಪರದೆ ಸ್ತಬ್ಧವಾದುದನ್ನು ಕಂಡು ಅವನು ಯಂತ್ರವೇ ಕೆಟ್ಟಿತೆಂದು ಗಾಬರಿಗೊಳ್ಳುತ್ತಾನೆ. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ತಡೆ ತೆರವಾಗುತ್ತದೆ ಎಂಬುದು ತಿಳಿದವನಿಗೆ ಮಾತ್ರ ಗೊತ್ತು. ಇನ್ನೊಬ್ಬನು ಮೊದಲ ಕೀಲಿಯ ಅರ್ಥ ಎರಡನೆಯದೆಂದೂ, ಎರಡನೆಯದರ ಅರ್ಥ ಮೊದಲನೆಯದೆಂದೂ ಜೋಡಿಸಿಬಿಡುತ್ತಾನೆ. ಒಂದು ಇನ್ನೊಂದನ್ನು ಕರೆಯುತ್ತದೆ. ಅದು ಮತ್ತೆ ಇದನ್ನು ಕರೆಯುತ್ತದೆ. ಸಾವಿರ ಸುತ್ತು ಹೀಗೆ ಸುತ್ತಿದ ಮೇಲೆ ವಿಮ್ ತಾನಾಗಿ ನಿಲ್ಲಿಸಿ ತಪ್ಪನ್ನು ತಿಳಿಸುತ್ತದೆ. ಬಲಭಾಗದ ಅಕ್ಷರಗಳಿಗೆ ಅವುಗಳ ಮೂಲ ಅರ್ಥವೇ ಇರಲಿ, ಮತ್ತೆ ಪಟ್ಟಿಯನ್ನು ನೋಡಬೇಡ ಎಂದು ಹೇಳುವ ಬೇರೊಂದು ಆದೇಶವೂ ಇದೆ. ಬಲ್ಲವರು ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ.

ಇವು ಸಣ್ಣ ತೊಡಕುಗಳು. ಇವುಗಳಿಗಿಂತ ದೊಡ್ಡ ಅಪಾಯವೊಂದುಂಟು. ಸಂಪಾದಕದಲ್ಲಿ ಮಾಡಿದ ತಪ್ಪನ್ನು ಹಿಂದಕ್ಕೆ ಪಡೆಯಲು ಒಂದು ಕೀಲಿ ಇರುತ್ತದೆ. ಅಳಿಸಿದ ಸಾಲು ಮರಳುತ್ತದೆ. ತಿದ್ದಿದ ಪದ ಮೊದಲಿನಂತಾಗುತ್ತದೆ. ಸೋಸುವಾಗ ಕ್ರಮವಿಧಿಯ ಹೆಸರನ್ನು ತಪ್ಪಾಗಿ ಬರೆದುದರಿಂದ, ಬರೆಹವಿದ್ದ ಜಾಗದಲ್ಲಿ ‘ಅಂತಹ ಆದೇಶವಿಲ್ಲ’ ಎಂಬ ದೂರಿನ ಸಾಲು ಬಂದು ಕುಳಿತರೂ ಹೆದರಬೇಕಾಗಿಲ್ಲ. ಹಿಂಪಡೆಯುವ ಕೀಲಿಯನ್ನು ಒತ್ತಿದರೆ ಬರೆಹ ಮರಳಿ ಬರುತ್ತದೆ. ಈ ಅನುಕೂಲಕ್ಕೆ ಒಗ್ಗಿದ ಮನಸ್ಸು ಎಲ್ಲವೂ ಹೀಗೆಯೇ ಮರಳುತ್ತದೆಂದು ನಂಬಿಬಿಡುತ್ತದೆ. ಆದರೆ ಸಂಪಾದಕದ ಆಳ್ವಿಕೆ ಅದರ ಹೊಸ್ತಿಲಿನವರೆಗೆ ಮಾತ್ರ. ! ಚಿಹ್ನೆಯ ಬಾಗಿಲನ್ನು ದಾಟಿ ಹೊರಗೆ ಹೋದ ಆದೇಶವು ಅಲ್ಲಿ ಒಂದು ಕಡತವನ್ನು ಅಳಿಸಿದರೆ, ಒಂದು ಪತ್ರವನ್ನು ಕಳುಹಿಸಿದರೆ, ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ಬರೆದರೆ, ಅದನ್ನು ಹಿಂದಕ್ಕೆ ಕರೆಯುವ ಶಕ್ತಿ ಸಂಪಾದಕಕ್ಕಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಹಿರಿಯರ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇದಕ್ಕೆ ದುಷ್ಟಬುದ್ಧಿಯೇ ಬೇಕಾಗಿಲ್ಲ. ಒಂದು ಖಾಲಿ ಜಾಗ ಸಾಕು. ಬೇಡವಾದ ಕಡತವನ್ನು ಅಳಿಸಲೆಂದು ಒಬ್ಬನು ಒಂದು ಕೀಲಿಗೆ ಅಳಿಸುವ ಆದೇಶವನ್ನೂ % ಚಿಹ್ನೆಯನ್ನೂ ಕಟ್ಟಿಟ್ಟಿದ್ದಾನೆ. ತಿಂಗಳುಗಟ್ಟಲೆ ಅದು ಸರಿಯಾಗಿಯೇ ನಡೆಯುತ್ತದೆ. ಒಂದು ದಿನ ಅವನು ‘ಕಥೆ ಹಳೆಯದು’ ಎಂಬ ಹೆಸರಿನ ಕಡತವನ್ನು ತೆರೆದು ಆ ಕೀಲಿಯನ್ನು ಒತ್ತುತ್ತಾನೆ. ಷೆಲ್ ಸಾಲನ್ನು ಪದಪದವಾಗಿ ಬಿಡಿಸುತ್ತದೆಯಷ್ಟೆ. ಅದರ ಕಣ್ಣಿಗೆ ಇದು ಒಂದು ಕಡತದ ಹೆಸರಲ್ಲ. ‘ಕಥೆ’ ಎಂಬುದೊಂದು, ‘ಹಳೆಯದು’ ಎಂಬುದೊಂದು. ‘ಹಳೆಯದು’ ಎಂಬ ಕಡತ ಇಲ್ಲವೆಂದು ಅದು ದೂರುತ್ತದೆ. ಆದರೆ ಆ ಹೊತ್ತಿಗೆ, ಅವನು ಹೊಸದಾಗಿ ಬರೆದು ಪಕ್ಕದಲ್ಲಿಯೇ ಇಟ್ಟಿದ್ದ ‘ಕಥೆ’ ಎಂಬ ಕಡತ ಅಳಿದುಹೋಗಿರುತ್ತದೆ. ಅಳಿಯಬೇಕಾದದ್ದು ಉಳಿಯಿತು, ಉಳಿಯಬೇಕಾದದ್ದು ಅಳಿಯಿತು. ಯಂತ್ರ ಇಲ್ಲಿ ತಪ್ಪು ಮಾಡಲಿಲ್ಲ. ಹೇಳಿದುದನ್ನು ಹೇಳಿದಂತೆಯೇ ಮಾಡಿತು. ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು, ಇದು ಒಂದೇ ಹೆಸರು ಎಂದು ಷೆಲ್‌ಗೆ ತಿಳಿಸಿದ್ದರೆ ಈ ನಷ್ಟವಾಗುತ್ತಿರಲಿಲ್ಲ. ಹೆಸರನ್ನು ಹಾಗೆ ಭದ್ರಪಡಿಸಿಕೊಡುವ ಏರ್ಪಾಟು ವಿಮ್‌ನಲ್ಲಿಯೇ ಇದೆ.

ಇನ್ನೊಬ್ಬರು ಬರೆದ ಜೋಡಣೆಗಳನ್ನು ಓದದೆ ತಂದು ತನ್ನದಾಗಿಸಿಕೊಳ್ಳುವುದು ಮತ್ತೊಂದು ಅಪಾಯ. ಕೀಲಿಯಿಂದ ಹೊರಟ ಆದೇಶವು ಅದನ್ನು ಒತ್ತಿದವನ ಹೆಸರಿನಲ್ಲಿ, ಅವನ ಎಲ್ಲ ಅಧಿಕಾರದೊಡನೆ ನಡೆಯುತ್ತದೆ. ಅವನು ಅಳಿಸಬಹುದಾದುದನ್ನೆಲ್ಲ ಅದೂ ಅಳಿಸಬಲ್ಲದು. ತೆರೆದ ಕಡತಕೋಶದಲ್ಲಿ ಇನ್ನಾರೋ ಇಟ್ಟಿರುವ ಒಪ್ಪಂದಗಳ ಪಟ್ಟಿಯನ್ನು ವಿಮ್ ತಾನಾಗಿ ಸ್ವೀಕರಿಸದಿರುವುದು ಇದೇ ಕಾರಣದಿಂದ. ಬಳಕೆದಾರನು ಬೇಕೆಂದು ಕೇಳಿದರೆ ಮಾತ್ರ ಅದು ಆ ಕಡೆ ನೋಡುತ್ತದೆ. ಕಡತದೊಳಗಿನ ಒಂದು ಸಾಲೇ ಸಂಪಾದಕಕ್ಕೆ ಕೆಲವು ಸೂಚನೆಗಳನ್ನು ಕೊಡುವ ಅನುಕೂಲವೂ ವಿಮ್‌ನಲ್ಲಿದೆ. 2019ರಲ್ಲಿ ಆ ಅನುಕೂಲದಲ್ಲಿ ಒಂದು ಬಿರುಕು ಕಂಡುಬಂದಿತು. ಕಪಟದಿಂದ ರಚಿಸಿದ ಕಡತವೊಂದನ್ನು ತೆರೆದ ಮಾತ್ರಕ್ಕೆ ಹೊರಗಿನ ಆದೇಶವು ನಡೆದುಬಿಡುವಂತಿತ್ತು. ಕೂಡಲೇ ಅದನ್ನು ಮುಚ್ಚಲಾಯಿತು. ಮನೆಯವರಿಗಾಗಿ ಇಟ್ಟ ಬಾಗಿಲು ಕಳ್ಳನಿಗೂ ಬಾಗಿಲೇ ಆಗಬಲ್ಲದು ಎಂಬುದಕ್ಕೆ ಇದೊಂದು ಸಾಕ್ಷಿ.

ಹಾಗೆಂದು ಬಾಗಿಲಿಲ್ಲದ ಮನೆಯನ್ನು ಯಾರೂ ಕಟ್ಟುವುದಿಲ್ಲ. ಬೇಕಾದುದು ಅಂಜಿಕೆಯಲ್ಲ, ಅರಿವು. ಅನುಭವಿಗಳು ಇದಕ್ಕಾಗಿ ಕೆಲವು ನಡವಳಿಕೆಗಳನ್ನು ರೂಢಿಸಿಕೊಂಡಿದ್ದಾರೆ. ಯಾವುದೇ ಆದೇಶವನ್ನು ಕೀಲಿಗೆ ಕಟ್ಟುವ ಮೊದಲು ಅದನ್ನು ಹಲವು ಸಲ ಪೂರ್ತಿಯಾಗಿ ಕೈಯಿಂದಲೇ ಟಂಕಿಸಿ ನಡೆಸಿ ನೋಡುತ್ತಾರೆ. ಹೊಸ ಜೋಡಣೆಯನ್ನು ಮೊದಲು ಕಡತದ ಪ್ರತಿಯೊಂದರ ಮೇಲೆ ಪ್ರಯೋಗಿಸುತ್ತಾರೆ. ಅದು ಏನು ಮಾಡುತ್ತದೆ, ಏಕೆ ಬೇಕಾಯಿತು ಎಂಬುದನ್ನು ಅದರ ಪಕ್ಕದಲ್ಲಿಯೇ ಒಂದು ಸಾಲಿನಲ್ಲಿ ಬರೆದಿಡುತ್ತಾರೆ. ವರ್ಷ ಕಳೆದ ಮೇಲೆ ಬರೆದವನಿಗೇ ಅದು ಮರೆತುಹೋಗುತ್ತದೆ. ಹಿಂದಿರುಗಿ ಬಾರದ ಕೆಲಸಗಳನ್ನು ಒಂದೇ ಒತ್ತಿಗೆ ಕಟ್ಟುವುದಿಲ್ಲ, ‘ನಿಜವಾಗಿ ಅಳಿಸಲೆ?’ ಎಂದು ಒಮ್ಮೆ ಕೇಳಿಸಿಕೊಳ್ಳುತ್ತಾರೆ. ಒಂದು ಗಳಿಗೆಯ ಆ ತಡೆ ಒಂದು ದಿನದ ದುಡಿಮೆಯನ್ನು ಉಳಿಸಬಲ್ಲದು.

ದಾರಿಯನ್ನು ಚೆನ್ನಾಗಿ ಬಲ್ಲವನಿಗೆ ಒಳದಾರಿ ನೆರವಾಗುತ್ತದೆ. ದಾರಿಯನ್ನೇ ಅರಿಯದವನು ಒಳದಾರಿಯಲ್ಲಿ ಬೇಗನೆ ದಿಕ್ಕು ತಪ್ಪುತ್ತಾನೆ. ಕೀಲಿಜೋಡಣೆಯು ಬೆರಳಿನ ಕೆಲಸವನ್ನು ಕಡಿಮೆ ಮಾಡುತ್ತದೆ. ತಿಳಿದುಕೊಳ್ಳುವ ಕೆಲಸವನ್ನು ಅದು ಕಡಿಮೆ ಮಾಡಲಾರದು. ನೂರು ಅಕ್ಷರಗಳ ಆದೇಶವನ್ನು ಟಂಕಿಸುವವನಿಗೆ ಆ ನೂರು ಅಕ್ಷರಗಳಷ್ಟು ಹೊತ್ತು ಯೋಚಿಸಲು ಬಿಡುವಿರುತ್ತದೆ. ಅದನ್ನೇ ಒಂದು ಕೀಲಿಗೆ ಇಳಿಸಿದವನು ಆ ಯೋಚನೆಯನ್ನು ಕೀಲಿಯನ್ನು ಕಟ್ಟುವ ದಿನವೇ ಮಾಡಿ ಮುಗಿಸಿರಬೇಕು. ಶಾಲೆಯಲ್ಲಿ ಗಂಟೆ ಬಾರಿಸುವವನು ಒಂದು ಕಣ್ಣನ್ನು ಗಡಿಯಾರದ ಮೇಲೆ ಇಟ್ಟಿರುತ್ತಾನೆ. ಗಂಟೆಯನ್ನು ಬಾರಿಸಲು ತೋಳಿನ ಬಲ ಹೆಚ್ಚೇನೂ ಬೇಕಾಗಿಲ್ಲ. ಆದರೂ ಆ ಕೆಲಸವನ್ನು ಹೊತ್ತು ತಿಳಿದವನಿಗೇ ಒಪ್ಪಿಸುವುದು ವಾಡಿಕೆ.